ಲೇಸು

ದಿಂಬಿನ ಹೊಟ್ಟೆಯೊಳಗೆ ಒಣಗಿದ ಬಾಳೆಲೆ,
ಮೈತುಂಬ ಕಳ್ಳಿಮುಳ್ಳು.
ಕಡ್ಡಿಗೊಂದು ನೂಲು, ಕಡ್ಡಿಯ ತುದಿಗೊಂದು ತಾಳೆಬೀಜ,
ಬೀಜಕ್ಕೆ ಬೀಜ ತಾಗಿ ಟಕಟಕ, ಟಕಟಕ.
ಸಿಯಾರಾದ ಈ ಕಡಲಂಚಿನಲ್ಲಿ
ಗಂಡಸರು ತೆಪ್ಪ ಹತ್ತಿ ಹೋದ ಮೇಲೆ
ಏಳು ಹೆಂಗಸರು, ಏಳು ದಿಂಬು, ಒಂದೇ ಗಾಳಿ.

ನನಗಾಗ ಒಂಬತ್ತು.
ಅಮ್ಮ ಹೇಳಿದಳು: ನೋಡು ಅಲ್ಜೀರಾ,
ಲೇಸು ಕಲಿಯಬೇಕೆಂದರೆ ಲೇಸಾದವರ ಪಕ್ಕ ಕೂರು.
ಜೆನೊವೆವಾಳ ಹತ್ತಿರ ಕೂರು.
ಆ ಲಿಂಡಾಲ್ವಾಳ ನೆರಳೂ ಸೋಕದಿರಲಿ.

ಲಿಂಡಾಲ್ವಾ ಗಂಡನನ್ನು ಬಿಟ್ಟವಳು,
ಅಥವಾ ಗಂಡ ಬಿಟ್ಟವಳು,
ಕೇಳಿದಾಗಲೆಲ್ಲ ಕತೆ ಬೇರೆ.
ಪೈಪು ಸೇದುವವಳು,
ಗೇಣುದ್ದ ನೇಯ್ದು ಎರಡು ತಾಸು ಕಡಲು ನೋಡುವವಳು.
ಅವಳಿಗೂ ಜೆನೊವೆವಾಳಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ.
ಯಾವುದೋ ಮೇಕೆಯ ವಿಷಯ.

ಹಾಗಾಗಿ ಹಜಾರದಲ್ಲಿ ಖಾಲಿ ಇದ್ದದ್ದು ಒಂದೇ ಜಾಗ,
ಇಬ್ಬರ ನಡುವೆ.

ಜೆನೊವೆವಾ ಬೈಯುತ್ತಿರಲಿಲ್ಲ.
ತಪ್ಪಿದರೆ ಕೈ ಚಾಚಿ, ಮುಳ್ಳು ಕಿತ್ತು,
ನನ್ನ ಒಂದಿಡೀ ಬೆಳಗನ್ನು ಬಿಚ್ಚಿಬಿಡುತ್ತಿದ್ದಳು.
ಬೆವರು ಕುಡಿದು ಸುಕ್ಕಾದ ಅದೇ ನೂಲಿನಲ್ಲಿ
ಮತ್ತೆ ಮೊದಲಿಂದ.
ಮೂರು ವರ್ಷಕ್ಕೆ ನೂಲಿಗೆ ಬಿಗಿ ಬಂತು.
ನನಗೂ ಬಂತು.
ಜಡೆ ನೇರ, ಹಾಸಿಗೆಯ ಮಡಿಕೆ ನೇರ,
ಇಗರ್ಜಿಯಲ್ಲಿ ಮೊಣಕಾಲೂರಿದರೆ ಬೆನ್ನೂ ನೇರ.
ಕೊನೆಕೊನೆಗೆ ಅವಳ ಹಾಗೇ ಕೆಮ್ಮತೊಡಗಿದೆ,
ನೆಗಡಿಯಿಲ್ಲದೆ.

ಒಂದು ದಿನ ಅವಳು ಹಲ್ಲು ಕೀಳಿಸಲು ಹೋಗಿದ್ದಳು.
ಲಿಂಡಾಲ್ವಾ ಪೈಪು ತಟ್ಟಿ ಶುರುಮಾಡಿದಳು:
ಇಗರ್ಜಿಯ ಗಂಟೆ ನುಂಗಿದ ಮೀನಿನ ಕತೆ.
ಭಾನುವಾರ ಬಂದರೆ ನೀರಿನಡಿಯಲ್ಲಿ ಢಣ್ ಅನ್ನುತ್ತದಂತೆ,
ಏಡಿಗಳೆಲ್ಲ ಸಾಲಾಗಿ ಪೂಜೆಗೆ ಹೊರಡುತ್ತವಂತೆ,
ಅಡ್ಡಡ್ಡವಾಗಿ.
ನಾನು ನಕ್ಕೆ. ಕೈ ತಪ್ಪಿತು.
ನೇಯ್ಗೆಯ ನಡುವೆ ಅವರೆಕಾಳಿನಷ್ಟು ತೂತು.

ಅವಳು ಬಾಗಿ ನೋಡಿದಳು.
ಬಿಚ್ಚಲಿಲ್ಲ.
ತನ್ನ ದಿಂಬನ್ನು ಎಳೆದುಕೊಂಡು
ಅಲ್ಲೇ, ಅಷ್ಟೇ ದೊಡ್ಡ ತೂತು ಮಾಡಿದಳು,
ಬೇಕೆಂದೇ.
ಒಂದಿದ್ದರೆ ಹರಕು, ಸಾಲಿದ್ದರೆ ಕಿಟಕಿ,
ಎಂದು ನನ್ನ ಕಡೆ ಹುಬ್ಬು ಹಾರಿಸಿದಳು.
ಸಂಜೆಗೆ ನನ್ನ ಪಟ್ಟಿಯಲ್ಲಿ ಐದು ಕಿಟಕಿ.

ಮರುದಿನ ದವಡೆಗೆ ಬಟ್ಟೆ ಕಟ್ಟಿಕೊಂಡು ಬಂದ ಜೆನೊವೆವಾ
ಅದನ್ನು ಬೆಳಕಿಗೆ ಹಿಡಿದಳು.
ಬೆರಳು ಮುಳ್ಳಿನ ತನಕ ಹೋಯಿತು, ನಿಂತಿತು.
ನಾನು ಉಸಿರು ಬಿಟ್ಟಿರಲಿಲ್ಲ.
"ತೂತಿನ ಅಂಚು ಸಡಿಲವಾಗಿದೆ," ಎಂದಳು,
ಬಾತ ಬಾಯಲ್ಲೇ.
ಮೂರು ದಿನ ಕೂರಿಸಿ ಅಂಚು ಬಿಗಿಯುವುದನ್ನು ಕಲಿಸಿದಳು.
ನೂಲು ಮುಗಿದಾಗ ಲಿಂಡಾಲ್ವಾ ತನ್ನ ಉಂಡೆ ಚಾಚಿದಳು,
ನನ್ನ ತೊಡೆಯ ಮೇಲೆ ಹಾಯಿಸಿ.
ಜೆನೊವೆವಾ ತಗೊಂಡಳು.
ಮಾತಿಲ್ಲ. ಮೇಕೆಯ ವಿಷಯ ಹಾಗೇ ಉಳಿಯಿತು.

ಆಮೇಲೆ ನಾನು ಫೋರ್ಟಲೇಜಾಕ್ಕೆ ಹೋದೆ.
ಅಂಗಡಿಯ ಮಾಳಿಗೆಯಲ್ಲಿ ಒಂದು ಕೋಣೆ,
ಫ್ಯಾನು, ಟ್ಯೂಬ್‌ಲೈಟು, ತಿಂಗಳಿಗೆ ಸಂಬಳ.
ನಾಲ್ಕು ವರ್ಷ ಒಂದೂ ತಪ್ಪು ಮಾಡಲಿಲ್ಲ.
ಒಂದೂ ಹೊಸದನ್ನೂ ಮಾಡಲಿಲ್ಲ.
ಎಷ್ಟೋ ಸಲ ಬಿಡಿ ಬೀಜಗಳನ್ನು ಎಡಗೈಲಿ ಹಿಡಿದು
ಸುಮ್ಮನೆ ಟಕಟಕ ಅನಿಸುತ್ತಿದ್ದೆ,
ಪಕ್ಕದಲ್ಲಿ ಯಾರೋ ಇರುವ ಹಾಗೆ.

ಈಗ ಮತ್ತೆ ಇದೇ ಹಜಾರ.
ಅವರಿಬ್ಬರೂ ಇಲ್ಲ.
ಇಬ್ಬರ ಕಡ್ಡಿಗಳೂ ನನ್ನ ಒಂದೇ ಚೀಲದಲ್ಲಿ;
ಯಾವುದು ಯಾರದೆಂದು ಕಣ್ಣಿಗೆ ಗೊತ್ತಾಗದು,
ಕಿವಿಗೆ ಗೊತ್ತು.

ಮೊನ್ನೆ ಹೊಸ ಹುಡುಗಿಯೊಬ್ಬಳು ಬಂದು ಕೂತಳು.
ಕಿಟಕಿಗಳ ಸಾಲಿನ ಮೇಲೆ ಬೆರಳಾಡಿಸಿ
"ಅಜ್ಜಿ, ಈ ಚಿತ್ತಾರ ಯಾರದು?" ಎಂದಳು.
ನನ್ನದು ಎನ್ನಲು ಬಾಯಿ ತೆರೆದರೆ
ಕೆಮ್ಮು ಬಂತು, ನೆಗಡಿಯಿಲ್ಲದೆ.
ನೀರು ಕುಡಿದು ಬಹಳ ಹೊತ್ತು ಕಡಲು ನೋಡಿದೆ.
ಆಮೇಲೆ ಹೇಳಿದೆ:
ಒಂದು ಮೀನಿತ್ತು ಮಗಳೇ, ಗಂಟೆ ನುಂಗಿತ್ತು.